‘ದಿ ಓಲ್ಡ್ ಮ್ಯಾನ್ ಆ್ಯಂಡ್ ದ ಸೀ’ ಕಿರುಕಾದಂಬರಿಯಲ್ಲಿ ಒಂಟಿತನ ಮತ್ತು ಸೋಲು: ಪದೇ ಪದೇ ಕೇಳುವ ಪ್ರಶ್ನೆಗಳು

ಅರ್ನೆಸ್ಟ್ ಹೆಮಿಂಗ್ವೇ ಅವರ ಈ ಕೃತಿಯನ್ನು ಓದಿದವರು, ಓದಬೇಕೆಂದಿರುವವರು ಹಾಗೂ ಅದರ ಬಗ್ಗೆ ಬರೆಯಬೇಕಾದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ‘ಸೋಲೊಪ್ಪದ ಛಲದ ಕಥೆ’ ಎಂದು ಒಂದೇ ಮಾತಿನಲ್ಲಿ ಇದನ್ನು ಹೇಳಿ ಮುಗಿಸುವುದು ರೂಢಿಯಾಗಿಬಿಟ್ಟಿದೆ. ಆದರೆ ಕಥೆಯ ಮುದುಕ ಸೋಲುತ್ತಾನೆ, ಸೋತೆನೆಂದು ತನ್ನ ಬಾಯಿಂದಲೇ ಹೇಳುತ್ತಾನೆ, ಮತ್ತು ಆ ಸೋಲನ್ನು ಅವನ ಒಂಟಿತನದಿಂದ ಬೇರ್ಪಡಿಸಿ ಅರ್ಥಮಾಡಿಕೊಳ್ಳಲು ಸಾಧ್ಯವಿಲ್ಲ. ಉತ್ತರಗಳಲ್ಲಿ ಕಥೆಯ ಅಂತ್ಯದ ವಿವರಗಳೂ ಬರುತ್ತವೆ.

ಈ ಕೃತಿ ಯಾವಾಗ, ಯಾವ ಸಂದರ್ಭದಲ್ಲಿ ಪ್ರಕಟವಾಯಿತು?

ಕ್ಯೂಬಾದ ಹವಾನಾ ನಗರದ ಹೊರವಲಯದಲ್ಲಿದ್ದ ಫಿಂಕಾ ವಿಹಿಯಾ ಎಂಬ ತಮ್ಮ ಮನೆಯಲ್ಲಿ ಹೆಮಿಂಗ್ವೇ ಇದನ್ನು 1951ರಲ್ಲಿ ಬರೆದರು. 1952ರ ಸೆಪ್ಟೆಂಬರ್ 1ರ ‘ಲೈಫ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಇಡೀ ಕಥೆ ಅಚ್ಚಾಯಿತು. ಎರಡೇ ದಿನಗಳಲ್ಲಿ ಆ ಸಂಚಿಕೆಯ 50 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಅದೇ ತಿಂಗಳು ಪುಸ್ತಕವೂ ಹೊರಬಂತು. 1953ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. 1954ರಲ್ಲಿ ಲೇಖಕರಿಗೆ ನೊಬೆಲ್ ಪ್ರಶಸ್ತಿ ದೊರೆತಾಗಲೂ ಸಮಿತಿ ಈ ಕೃತಿಯನ್ನು ಹೆಸರಿಸಿತು.

ಕಥೆಯನ್ನು ಚಿಕ್ಕದಾಗಿ ಹೇಳಬಹುದೆ?

ಸಾಂಟಿಯಾಗೋ ಎಂಬ ಮುದುಕ ಬೆಸ್ತ 84 ದಿನಗಳಿಂದ ಒಂದೂ ಮೀನು ಹಿಡಿದಿಲ್ಲ. 85ನೆಯ ದಿನ ಅವನು ಒಬ್ಬನೇ ಗಲ್ಫ್ ಸ್ಟ್ರೀಮ್ ಪ್ರವಾಹದಲ್ಲಿ ಬಹುದೂರ ಸಾಗಿ, ತನ್ನ ದೋಣಿಗಿಂತ ಎರಡು ಅಡಿ ಉದ್ದವಿರುವ 18 ಅಡಿಯ ಮಾರ್ಲಿನ್ ಮೀನನ್ನು ಗಾಳಕ್ಕೆ ಸಿಕ್ಕಿಸುತ್ತಾನೆ. ಎರಡು ಹಗಲು, ಎರಡು ರಾತ್ರಿ ಮೀನು ದೋಣಿಯನ್ನು ಎಳೆದೊಯ್ಯುತ್ತದೆ. ಮೂರನೆಯ ಹಗಲು ಅವನು ಅದನ್ನು ಕೊಂದು, ದೋಣಿಯ ಪಕ್ಕಕ್ಕೆ ಕಟ್ಟಿಕೊಂಡು ಊರಿನತ್ತ ಹಾಯಿ ಬಿಚ್ಚುತ್ತಾನೆ. ದಾರಿಯುದ್ದಕ್ಕೂ ಶಾರ್ಕ್‌ಗಳು ಮೀನನ್ನು ತಿಂದುಹಾಕುತ್ತವೆ. ದಡ ಮುಟ್ಟುವಾಗ ಉಳಿದಿರುವುದು ತಲೆ, ಬೆನ್ನೆಲುಬು ಮತ್ತು ಬಾಲ.

ಸಾಂಟಿಯಾಗೋ ಒಂಟಿಯಾಗಿರುವುದು ಏಕೆ?

ಮೊದಲ ಕಾರಣ ವಯಸ್ಸು ಮತ್ತು ಸಾವು. ಅವನ ಹೆಂಡತಿ ತೀರಿಕೊಂಡಿದ್ದಾಳೆ. ತಾಳೆಗರಿಯ ಪೊರೆಗಳಿಂದ ಕಟ್ಟಿದ ಅವನ ಗುಡಿಸಿಲಿನಲ್ಲಿ ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ, ನೆಲದ ಮೇಲೆ ಇದ್ದಿಲಿನಲ್ಲಿ ಅಡುಗೆ ಮಾಡಲು ಒಂದು ಜಾಗ, ಇಷ್ಟೇ ಇವೆ. ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಚಿತ್ರವೂ ಕೋಬ್ರೆಯ ಕನ್ಯಾಮಾತೆಯ (ಕ್ಯೂಬಾದವರು ಆರಾಧಿಸುವ ಮೇರಿಮಾತೆಯ) ಚಿತ್ರವೂ ಇವೆ; ಎರಡೂ ಹೆಂಡತಿ ಬಿಟ್ಟುಹೋದವು. ಹಿಂದೆ ಅಲ್ಲಿ ಬಣ್ಣ ಬಳಿದ ಅವಳ ಭಾವಚಿತ್ರವೂ ಇತ್ತು. ಅದನ್ನು ನೋಡಿದಾಗಲೆಲ್ಲ ಒಂಟಿತನ ಹೆಚ್ಚಾಗುತ್ತದೆಂದು ಅವನು ಅದನ್ನು ಕೆಳಗಿಳಿಸಿ, ಮೂಲೆಯ ಹಲಗೆಯ ಮೇಲೆ ತನ್ನ ಒಗೆದ ಅಂಗಿಯ ಅಡಿಯಲ್ಲಿ ಇರಿಸಿದ್ದಾನೆ. ಹೆಂಡತಿಯ ಬಗ್ಗೆ ಕಥೆ ಇದಕ್ಕಿಂತ ಹೆಚ್ಚೇನನ್ನೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಚಿತ್ರವನ್ನು ಎಸೆಯಲಾರದ, ಎದುರಿಗೆ ಇಟ್ಟುಕೊಳ್ಳಲೂ ಆಗದ ಮನುಷ್ಯನ ಸ್ಥಿತಿ ಆ ಅಂಗಿಯ ಮಡಿಕೆಯಲ್ಲೇ ಪೂರ್ತಿ ಕಾಣುತ್ತದೆ.

ಎರಡನೆಯ ಕಾರಣ ದುರದೃಷ್ಟ. ಮೊದಲ 40 ದಿನ ಮನೋಲಿನ್ ಎಂಬ ಹುಡುಗ ಅವನ ಜೊತೆಗಿದ್ದ. ಐದು ವರ್ಷದವನಾಗಿದ್ದಾಗಲೇ ಮುದುಕನ ದೋಣಿ ಹತ್ತಿದ ಹುಡುಗ ಅವನು. ಮೀನು ಸಿಗದೆ 40 ದಿನ ಕಳೆದಾಗ, ಮುದುಕ ಶನಿ ಹಿಡಿದವನೆಂದು ಹುಡುಗನ ತಂದೆತಾಯಿ ಅವನನ್ನು ಬೇರೆ ದೋಣಿಗೆ ಕಳುಹಿಸುತ್ತಾರೆ, ಮತ್ತು ಆ ದೋಣಿಗೆ ಮೊದಲ ವಾರವೇ ಮೂರು ಒಳ್ಳೆಯ ಮೀನು ಬೀಳುತ್ತವೆ. ಇಲ್ಲಿ ಕೆಟ್ಟವರು ಯಾರೂ ಇಲ್ಲ ಎಂಬುದನ್ನು ಗಮನಿಸಬೇಕು. ಹುಡುಗನ ಮನೆಯವರಿಗೂ ಹೊಟ್ಟೆಪಾಡಿದೆ. ತಂದೆಯ ಮಾತು ಮೀರಲಾರೆನೆಂದು ಹುಡುಗ ಹೇಳಿದಾಗ ಅದು ಸಹಜವೇ ಎಂದು ಮುದುಕನೂ ಒಪ್ಪುತ್ತಾನೆ. ಬಡತನವು ಮನುಷ್ಯರನ್ನು ಹೀಗೆ ಸದ್ದಿಲ್ಲದೆ ದೂರ ಮಾಡುತ್ತದೆ.

ಮೂರನೆಯ ಕಾರಣ ಅವನ ಸ್ವಂತ ಆಯ್ಕೆ. ಇದನ್ನು ಬಹಳಷ್ಟು ಓದುಗರು ಮರೆಯುತ್ತಾರಾದ್ದರಿಂದ ಮುಂದೆ ಪ್ರತ್ಯೇಕವಾಗಿ ನೋಡೋಣ.

ಊರಿನವರು ಮುದುಕನನ್ನು ಕೈಬಿಟ್ಟಿದ್ದಾರೆಯೆ?

ಇಲ್ಲ. ‘ಟೆರೇಸ್’ ಎಂಬ ಹೋಟೆಲಿನಲ್ಲಿ ಕೂತಿದ್ದಾಗ ಹಲವು ಬೆಸ್ತರು ಅವನನ್ನು ಗೇಲಿ ಮಾಡುತ್ತಾರೆ, ಅವನಿಗೆ ಸಿಟ್ಟು ಬರುವುದಿಲ್ಲ. ವಯಸ್ಸಾದ ಬೆಸ್ತರು ಅವನನ್ನು ನೋಡಿ ಮರುಗುತ್ತಾರೆ, ಆದರೆ ಮರುಕವನ್ನು ತೋರಿಸಿಕೊಳ್ಳದೆ ನೀರಿನ ಸೆಳೆತ, ಗಾಳ ಇಳಿಬಿಟ್ಟ ಆಳ, ಚೆನ್ನಾಗಿರುವ ಹವಾಮಾನದ ಬಗ್ಗೆ ಸೌಜನ್ಯದಿಂದ ಮಾತನಾಡುತ್ತಾರೆ. ಕಸುಬಿನವರ ನಡುವಿನ ಮರ್ಯಾದೆ ಎಂದರೆ ಇದೇ: ಸೋತವನ ಮುಂದೆ ಅವನ ಸೋಲನ್ನು ಎತ್ತದೆ, ಅವನಿಗೂ ಗೊತ್ತಿರುವ ಕೆಲಸದ ಮಾತನ್ನೇ ಆಡುವುದು. ಹೋಟೆಲಿನ ಮಾಲೀಕ ಮಾರ್ಟಿನ್ ಅವನಿಗಾಗಿ ಕಪ್ಪು ಹುರುಳಿಕಾಳು, ಅನ್ನ, ಕರಿದ ಬಾಳೆಕಾಯಿ ಮತ್ತು ಸಾರನ್ನು ಹುಡುಗನ ಕೈಯಲ್ಲಿ ಕಳುಹಿಸುತ್ತಾನೆ. ಮೂರನೆಯ ರಾತ್ರಿ ಹವಾನಾದ ದೀಪಗಳ ಬೆಳಕನ್ನು ಅರಸುತ್ತ ಬರುವಾಗ, ತನಗಾಗಿ ಹುಡುಗನಲ್ಲದೆ ಇನ್ನೂ ಹಲವರು ಆತಂಕಪಡುತ್ತಿರಬಹುದು, ತಾನಿರುವುದು ಒಳ್ಳೆಯ ಊರು ಎಂದು ಅವನೇ ಅಂದುಕೊಳ್ಳುತ್ತಾನೆ. ಅವನ ಊಹೆ ನಿಜ. ಕರಾವಳಿ ಕಾವಲು ಪಡೆಯವರು ವಿಮಾನಗಳ ಸಹಾಯದಿಂದಲೂ ಅವನನ್ನು ಹುಡುಕಿದ್ದರೆಂದು ಕೊನೆಯಲ್ಲಿ ತಿಳಿಯುತ್ತದೆ.

ಹಾಗಾಗಿ ಇದು ಸಮಾಜದಿಂದ ತಿರಸ್ಕೃತನಾದವನ ಕಥೆಯಲ್ಲ. ಸುತ್ತಲೂ ಒಳ್ಳೆಯವರಿದ್ದರೂ ಮುದುಕನೊಬ್ಬ ಒಂಟಿಯಾಗುವ ಕಥೆ ಇದು. ನನಗೆ ಇದು ಹೆಚ್ಚು ಕಠಿಣವಾದ ಸತ್ಯವಾಗಿ ಕಾಣುತ್ತದೆ.

ಇಲ್ಲದ ಅನ್ನದ ಬಗ್ಗೆ, ಇಲ್ಲದ ಬಲೆಯ ಬಗ್ಗೆ ಮುದುಕ ಮತ್ತು ಹುಡುಗ ಮಾತನಾಡುವುದೇಕೆ?

ಊಟಕ್ಕೇನಿದೆ ಎಂದು ಹುಡುಗ ಕೇಳುತ್ತಾನೆ. ಒಂದು ಪಾತ್ರೆ ಹಳದಿ ಅನ್ನ ಮತ್ತು ಮೀನು ಇದೆ ಎಂದು ಮುದುಕ ಹೇಳುತ್ತಾನೆ. ಬೀಸುಬಲೆಯನ್ನು ತೆಗೆದುಕೊಂಡು ಹೋಗಲೇ ಎಂದು ಹುಡುಗ ಕೇಳುತ್ತಾನೆ. ಧಾರಾಳವಾಗಿ ಎನ್ನುತ್ತಾನೆ ಮುದುಕ. ಅನ್ನವೂ ಇಲ್ಲ, ಬಲೆಯನ್ನು ಯಾವಾಗ ಮಾರಿದರೆಂಬುದು ಹುಡುಗನಿಗೆ ನೆನಪೂ ಇದೆ. ದಿನವೂ ಇದೇ ಮಾತು ನಡೆಯುತ್ತದೆ. ಮುದುಕನ ಬಡತನವನ್ನು ಬಾಯಿಬಿಟ್ಟು ಹೇಳದಂತೆ ಇಬ್ಬರೂ ಸೇರಿ ಕಾಯುತ್ತಿರುವ ಮಾನ ಅದು. ಸೋಲನ್ನು ಇಬ್ಬರು ಹಂಚಿಕೊಂಡಾಗ ಅದರ ಜೊತೆ ಹೇಗೆ ಬದುಕಬಹುದು ಎಂಬುದನ್ನು ಲೇಖಕರು ಕಥೆಯ ಆರಂಭದಲ್ಲೇ ತೋರಿಸಿಬಿಡುತ್ತಾರೆ. ಸಮುದ್ರದ ಮೇಲೆ ಹಂಚಿಕೊಳ್ಳುವವರಿಲ್ಲದೆ ಅದೇ ಸೋಲು ಎಷ್ಟು ಭಾರವಾಗುತ್ತದೆ ಎಂಬುದು ಆಮೇಲೆ ಬರುತ್ತದೆ.

ಸಮುದ್ರದಲ್ಲಿ ಅವನು ತನ್ನಷ್ಟಕ್ಕೇ ಗಟ್ಟಿಯಾಗಿ ಮಾತನಾಡುವುದು ಏನನ್ನು ಸೂಚಿಸುತ್ತದೆ?

ಕಥೆಯ ದೊಡ್ಡ ಭಾಗದಲ್ಲಿ ದೋಣಿಯ ಮೇಲಿರುವುದು ಒಬ್ಬನೇ ಮನುಷ್ಯ, ಆದ್ದರಿಂದ ಅವನ ಮಾತು ಕಥನದ ಅಗತ್ಯವೂ ಹೌದು. ಆದರೆ ಹೆಮಿಂಗ್ವೇ ಅದಕ್ಕೊಂದು ಹಿನ್ನೆಲೆ ಕೊಟ್ಟಿದ್ದಾರೆ. ಗಟ್ಟಿಯಾಗಿ ಮಾತನಾಡುವುದು ಯಾವಾಗ ಶುರುವಾಯಿತೆಂದು ಅವನಿಗೇ ನೆನಪಿಲ್ಲ. ಹಿಂದೆ ಒಬ್ಬನೇ ಇದ್ದಾಗ ಹಾಡಿಕೊಳ್ಳುತ್ತಿದ್ದ. ಬಹುಶಃ ಹುಡುಗ ಬಿಟ್ಟುಹೋದ ಮೇಲೆ ಈ ಅಭ್ಯಾಸ ಬಂದಿರಬೇಕು. ಹುಡುಗನಿದ್ದಾಗ ಇಬ್ಬರೂ ಅಗತ್ಯವಿದ್ದಷ್ಟೇ ಮಾತನಾಡುತ್ತಿದ್ದರು, ಏಕೆಂದರೆ ಸಮುದ್ರದ ಮೇಲೆ ಅನಗತ್ಯವಾಗಿ ಮಾತನಾಡದಿರುವುದನ್ನು ಒಳ್ಳೆಯ ಗುಣವೆಂದು ಅವರು ಎಣಿಸಿದ್ದರು. ಜೊತೆಗೊಬ್ಬನಿದ್ದಾಗ ಮೌನವಾಗಿರಬಹುದಾಗಿತ್ತು, ಒಬ್ಬನೇ ಆದ ಮೇಲೆ ಮಾತು ಬೇಕಾಯಿತು. ಮೀನು ಸಿಕ್ಕ ಮೇಲೆ ‘ಹುಡುಗ ಇದ್ದಿದ್ದರೆ’ ಎಂಬ ಹಂಬಲ ಮತ್ತೆ ಮತ್ತೆ ಬರುತ್ತದೆ. ಹಗ್ಗ ಹಿಡಿಯಲು, ಮಿಕ್ಕ ಗಾಳಗಳನ್ನು ಕತ್ತರಿಸಲು, ಸುರುಳಿಗಳನ್ನು ಒದ್ದೆ ಮಾಡಲು ಇನ್ನೊಂದು ಜೊತೆ ಕೈ ಬೇಕು ಎಂಬ ಕೆಲಸದ ಮಾತಾಗಿಯೂ, ಇದನ್ನೆಲ್ಲ ನೋಡಲು ಒಬ್ಬ ಬೇಕು ಎಂಬ ಮನಸ್ಸಿನ ಮಾತಾಗಿಯೂ ಅದು ಕೇಳಿಸುತ್ತದೆ.

‘ಸಮುದ್ರದಲ್ಲಿ ಯಾರೂ ಒಂಟಿಯಲ್ಲ’ ಎಂದು ಮುದುಕನೇ ಅರಿತುಕೊಳ್ಳುತ್ತಾನಲ್ಲವೆ?

ಹೌದು. ಸುತ್ತ ನೋಡಿ ತಾನೆಷ್ಟು ಒಂಟಿ ಎಂದು ಅನ್ನಿಸಿದ ಕ್ಷಣದಲ್ಲೇ ಆಕಾಶದಲ್ಲಿ ಕಾಡುಬಾತುಗಳ ಸಾಲು ಹಾರುವುದು ಕಾಣುತ್ತದೆ, ಆಗ ಅವನಿಗೆ ಆ ಅರಿವು ಬರುತ್ತದೆ. ಅದಕ್ಕೆ ಮೊದಲು ದಣಿದ ಪುಟ್ಟ ಹಕ್ಕಿಯೊಂದು ಅವನ ಹಗ್ಗದ ಮೇಲೆ ಕೂತಿರುತ್ತದೆ. ಅದರ ವಯಸ್ಸು ಕೇಳಿ, ಇದು ನಿನ್ನ ಮೊದಲ ಪ್ರಯಾಣವೇ ಎಂದು ವಿಚಾರಿಸುತ್ತಾನೆ. ಕೊಲ್ಲಬೇಕಾದ ಮಾರ್ಲಿನ್‌ಅನ್ನೇ ಸಹೋದರ ಎಂದು ಕರೆಯುತ್ತಾನೆ.

ಈ ಬಂಧುತ್ವ ಸುಳ್ಳಲ್ಲ. ಆದರೆ ಹಕ್ಕಿ ಹಾರಿಹೋಗುತ್ತದೆ, ಬಾತುಗಳು ದಾಟಿಹೋಗುತ್ತವೆ, ಸಹೋದರನನ್ನು ಅವನೇ ಕೊಲ್ಲುತ್ತಾನೆ. ಪ್ರಕೃತಿಯೊಂದಿಗಿನ ಸಂಬಂಧವು ಮನುಷ್ಯನ ಸಾಂಗತ್ಯದ ಜಾಗವನ್ನು ತುಂಬುತ್ತದೆಂದು ಕಥೆ ಎಲ್ಲೂ ಹೇಳುವುದಿಲ್ಲ. ಊರಿಗೆ ಬಂದ ಮೇಲೆ, ತನ್ನೊಂದಿಗೆ ಮತ್ತು ಸಮುದ್ರದೊಂದಿಗೆ ಮಾತ್ರ ಮಾತನಾಡುವುದಕ್ಕಿಂತ ಎದುರಿಗೊಬ್ಬರಿದ್ದು ಮಾತನಾಡುವುದು ಎಷ್ಟು ಹಿತ ಎಂದು ಅವನು ಗಮನಿಸುತ್ತಾನೆ, ನಿನ್ನನ್ನು ನೆನೆಯುತ್ತಿದ್ದೆ ಎಂದು ಹುಡುಗನಿಗೆ ಹೇಳುತ್ತಾನೆ. ಬಾತುಗಳ ಸಾಲನ್ನು ಮಾತ್ರ ಉಲ್ಲೇಖಿಸಿ ಈ ಮಾತನ್ನು ಬಿಟ್ಟರೆ ಅರ್ಧ ಕಥೆ ಹೇಳಿದಂತಾಗುತ್ತದೆ.

‘ಮನುಷ್ಯನನ್ನು ನಾಶ ಮಾಡಬಹುದು, ಸೋಲಿಸಲಾಗದು’ ಎಂಬುದೇ ಕೃತಿಯ ಸಂದೇಶವೆ?

ಈ ಕೃತಿಯಿಂದ ಅತಿ ಹೆಚ್ಚು ಉಲ್ಲೇಖವಾಗುವ ಮಾತು ಇದು, ಅತಿ ಹೆಚ್ಚು ತಪ್ಪಾಗಿ ಬಳಕೆಯಾಗುವುದೂ ಇದೇ. ಅದು ಎಲ್ಲಿ ಬರುತ್ತದೆಂಬುದನ್ನು ನೋಡಬೇಕು. ಮೊದಲ ಶಾರ್ಕ್ ಬಂದು ಮೀನಿನಿಂದ ಸುಮಾರು 40 ಪೌಂಡ್ ಮಾಂಸವನ್ನು ಕಿತ್ತುಕೊಂಡಿದೆ. ಮುದುಕ ಅದನ್ನು ಕೊಂದಿದ್ದಾನೆ, ಆದರೆ ಅದರ ಜೊತೆಗೆ ಅವನ ಈಟಿಯೂ ಹಗ್ಗವೂ ಮುಳುಗಿಹೋಗಿವೆ. ರಕ್ತದ ವಾಸನೆಗೆ ಇನ್ನಷ್ಟು ಶಾರ್ಕ್‌ಗಳು ಬರುತ್ತವೆಂದು ಅವನಿಗೆ ಗೊತ್ತು. ಆಗ ಅವನು ಈ ಮಾತನ್ನು ಹೇಳಿಕೊಳ್ಳುತ್ತಾನೆ, ಹೇಳಿದ ಕೂಡಲೇ ಮೀನನ್ನು ಕೊಂದದ್ದಕ್ಕೆ ಪಶ್ಚಾತ್ತಾಪಪಡುತ್ತಾನೆ, ಕೆಟ್ಟ ಕಾಲ ಬರುತ್ತಿದೆ, ಕೈಯಲ್ಲಿ ಈಟಿಯೂ ಇಲ್ಲ ಎಂದು ಚಿಂತಿಸುತ್ತಾನೆ. ಎಂದರೆ ಇದು ಹೋರಾಟದ ನಡುವೆ ಧೈರ್ಯ ತಂದುಕೊಳ್ಳಲು ಒಬ್ಬನೇ ಇದ್ದವನು ತನಗೆ ತಾನೇ ಹೇಳಿಕೊಂಡ ಮಾತು.

ಮುಂದೆ ಆಗುವುದೇನು? ಹುಟ್ಟಿಗೆ ಚಾಕು ಕಟ್ಟಿ ತಿವಿಯುತ್ತಾನೆ, ಚಾಕುವಿನ ಅಲಗು ಮುರಿಯುತ್ತದೆ. ದೊಣ್ಣೆಯಿಂದ ಬಡಿಯುತ್ತಾನೆ, ಕತ್ತಲಲ್ಲಿ ಯಾವುದೋ ಶಾರ್ಕ್ ದೊಣ್ಣೆಯನ್ನೂ ಕಸಿದುಕೊಳ್ಳುತ್ತದೆ. ಚುಕ್ಕಾಣಿಯ ಹಿಡಿಯನ್ನು ಕಿತ್ತು ಬಾರಿಸುತ್ತಾನೆ, ಅದೂ ಮುರಿಯುತ್ತದೆ. ತಿನ್ನಲು ಇನ್ನೇನೂ ಉಳಿಯದಾದಾಗ ಶಾರ್ಕ್‌ಗಳು ಹೋಗುತ್ತವೆ, ಪರಿಹಾರವಿಲ್ಲದಂತೆ ತಾನು ಸೋತಿದ್ದೇನೆ ಎಂಬುದು ಈಗ ಅವನಿಗೆ ತಿಳಿಯಿತೆಂದು ನಿರೂಪಣೆಯೇ ಹೇಳುತ್ತದೆ. ಮರುದಿನ ಗುಡಿಸಿಲಿನಲ್ಲಿ ‘ಅವು ನನ್ನನ್ನು ಸೋಲಿಸಿದವು, ಮನೋಲಿನ್, ನಿಜವಾಗಿಯೂ ಸೋಲಿಸಿದವು’ ಎನ್ನುತ್ತಾನೆ. ಮೀನಂತೂ ಸೋಲಿಸಲಿಲ್ಲ ಎಂದು ಹುಡುಗ ಹೇಳಿದಾಗ, ಇಲ್ಲ, ಸೋತದ್ದು ಆಮೇಲೆ ಎಂದು ಒಪ್ಪುತ್ತಾನೆ.

ಗೋಡೆಗೆ ಅಂಟಿಸುವ ಘೋಷವಾಕ್ಯವಾಗಿ ಆ ಮಾತನ್ನು ಬಳಸುವವರು ಕೊನೆಯ ಈ ಒಪ್ಪಿಗೆಯನ್ನು ಮುಚ್ಚಿಡುತ್ತಾರೆ. ಸೋತೆ ಎಂದು ಇನ್ನೊಬ್ಬರ ಮುಂದೆ ಹೇಳಲು ಬೇಕಾದ ಧೈರ್ಯ ಶಾರ್ಕ್‌ಗಳೊಡನೆ ಹೋರಾಡಲು ಬೇಕಾದದ್ದಕ್ಕಿಂತ ಕಡಿಮೆಯದಲ್ಲ. ಅವನು ಆ ಮಾತನ್ನು ದೋಣಿಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳಲಿಲ್ಲ, ಹುಡುಗ ಎದುರಿಗಿದ್ದಾಗ ಮಾತ್ರ ಹೇಳಿದ ಎಂಬುದು ನನಗೆ ಈ ಕೃತಿಯ ಹೃದಯವಾಗಿ ಕಾಣುತ್ತದೆ.

ಹಾಗಾದರೆ ಅವನ ಸೋಲಿಗೆ ಕಾರಣವೇನು?

ತನ್ನನ್ನು ಸೋಲಿಸಿದ್ದು ಏನು ಎಂದು ಅವನೇ ಕೇಳಿಕೊಳ್ಳುತ್ತಾನೆ. ಏನೂ ಇಲ್ಲ, ನಾನು ತೀರಾ ದೂರ ಹೋದೆ, ಇದು ಅವನ ಉತ್ತರ.

ಮೇಲೆ ಹೇಳಿದ ಮೂರನೆಯ ಕಾರಣ ಇಲ್ಲಿ ಬರುತ್ತದೆ. ಬೆಳಗಿನ ಜಾವ ಉಳಿದ ದೋಣಿಗಳೂ ಕಡಲಿಗಿಳಿದಿದ್ದವು. ಅವುಗಳನ್ನೆಲ್ಲ ಹಿಂದೆ ಬಿಟ್ಟು ಬಹುದೂರ ಹೋಗಬೇಕೆಂಬುದು ಮುದುಕನ ತೀರ್ಮಾನ. ಎಲ್ಲ ಬಲೆಗಳಿಂದಲೂ ವಂಚನೆಗಳಿಂದಲೂ ದೂರವಾದ ಆಳ ಕತ್ತಲಲ್ಲಿ ಉಳಿಯುವುದು ಮೀನಿನ ಆಯ್ಕೆಯಾಗಿತ್ತು, ಎಲ್ಲ ಮನುಷ್ಯರನ್ನೂ ದಾಟಿ ಅಲ್ಲಿಗೇ ಹೋಗಿ ಅದನ್ನು ಹುಡುಕುವುದು ನನ್ನ ಆಯ್ಕೆಯಾಗಿತ್ತು, ಈಗ ನಮ್ಮಿಬ್ಬರಲ್ಲಿ ಯಾರಿಗೂ ಸಹಾಯಕ್ಕೆ ಯಾರೂ ಇಲ್ಲ ಎಂದು ಅವನು ಯೋಚಿಸುತ್ತಾನೆ. ಅವನ ಶ್ರೇಷ್ಠ ಬೇಟೆ ಸಾಧ್ಯವಾದದ್ದು ಆ ದೂರದಿಂದಲೇ. ಅಷ್ಟು ದೊಡ್ಡ ಮೀನು ದಡದ ಹತ್ತಿರ ಸಿಗುತ್ತಿರಲಿಲ್ಲ. ಆ ಮೀನು ಉಳಿಯದೆ ಹೋದದ್ದೂ ಆ ದೂರದಿಂದಲೇ. ಹತ್ತಿರದಲ್ಲಿದ್ದಿದ್ದರೆ ಶಾರ್ಕ್‌ಗಳಿಗೆ ಅಷ್ಟು ಹೊತ್ತು ಸಿಗುತ್ತಿರಲಿಲ್ಲ, ಜೊತೆಗೊಬ್ಬನಿದ್ದಿದ್ದರೆ ಕಾಯಲು ಇನ್ನೆರಡು ಕೈಗಳಿರುತ್ತಿದ್ದವು. ಅರ್ಧ ಉಳಿದ ಮೀನಿನ ಬಳಿ ಅವನು ಕ್ಷಮೆ ಕೇಳುತ್ತಾನೆ: ದೂರ ಹೋಗಿ ನಮ್ಮಿಬ್ಬರನ್ನೂ ಹಾಳು ಮಾಡಿದೆ ಎಂದು. ಗೆಲುವಿಗೂ ಸೋಲಿಗೂ ಕಾರಣ ಒಂದೇ ಆಗಿರುವ ಇಂಥ ಕಟ್ಟಡವನ್ನು ಕೇವಲ ನೂರು ಚಿಲ್ಲರೆ ಪುಟಗಳಲ್ಲಿ ನಿಲ್ಲಿಸಿರುವುದು ಹೆಮಿಂಗ್ವೇ ಅವರ ದೊಡ್ಡ ಸಾಧನೆ.

ಶಾರ್ಕ್‌ಗಳು ವಿಮರ್ಶಕರ ಸಂಕೇತವೆ? ಮುದುಕ ಕ್ರಿಸ್ತನ ಸಂಕೇತವೆ?

1950ರಲ್ಲಿ ಬಂದ ಹೆಮಿಂಗ್ವೇ ಅವರ ಕಾದಂಬರಿಯನ್ನು ವಿಮರ್ಶಕರು ಕಟುವಾಗಿ ಟೀಕಿಸಿದ್ದರಿಂದ ಮೊದಲ ಊಹೆ ಹುಟ್ಟಿಕೊಂಡಿತು. ಆದರೆ ಕಲಾವಿಮರ್ಶಕ ಬರ್ನಾರ್ಡ್ ಬೆರೆನ್ಸನ್ ಅವರಿಗೆ 1952ರಲ್ಲಿ ಬರೆದ ಪತ್ರದಲ್ಲಿ ಹೆಮಿಂಗ್ವೇ, ಇದರಲ್ಲಿ ಸಂಕೇತವೇನೂ ಇಲ್ಲ, ಸಮುದ್ರ ಸಮುದ್ರವೇ, ಮುದುಕ ಮುದುಕನೇ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಅಂಗೈಯ ಗಾಯ, ಹೆಗಲ ಮೇಲೆ ಹಾಯಿಕಂಬ ಹೊತ್ತು ದಿಬ್ಬ ಹತ್ತುವುದು, ನಡುವೆ ಬೀಳುವುದು, ಕೈ ಚಾಚಿ ಬೋರಲಾಗಿ ಮಲಗುವುದು, ಇವು ಶಿಲುಬೆಯನ್ನು ನೆನಪಿಸುವುದು ನಿಜ, ಲೇಖಕರಿಗೆ ಅದು ತಿಳಿಯದೆಯೂ ಇರಲಿಲ್ಲ. ಆದರೂ ಆ ಗಾಯ ಹಗ್ಗ ಜಾರಿ ಕೊಯ್ದ ಗಾಯ ಎಂಬುದನ್ನು ಮೊದಲು ನೋಡಬೇಕು.

ಕೊನೆಯಲ್ಲಿ ಪ್ರವಾಸಿಗರ ದೃಶ್ಯ ಏಕಿದೆ?

ಟೆರೇಸಿಗೆ ಬಂದ ಪ್ರವಾಸಿ ಹೆಂಗಸೊಬ್ಬಳು ಕಸದ ನಡುವೆ ತೇಲುವ ಉದ್ದನೆಯ ಬೆನ್ನೆಲುಬನ್ನು ಕಂಡು ಅದೇನೆಂದು ಕೇಳುತ್ತಾಳೆ. ಮಾಣಿ ಆದದ್ದನ್ನು ವಿವರಿಸಲು ಹೊರಟು ಶಾರ್ಕ್ ಎನ್ನುತ್ತಾನೆ. ಅದು ಶಾರ್ಕಿನ ಅಸ್ಥಿಯೆಂದೇ ಅವಳು ತಿಳಿದು, ಶಾರ್ಕ್‌ಗಳಿಗೆ ಇಷ್ಟು ಚೆಂದದ ಬಾಲವಿರುತ್ತದೆಂದು ಗೊತ್ತಿರಲಿಲ್ಲ ಎನ್ನುತ್ತಾಳೆ. ಮೂರು ದಿನಗಳ ಹೋರಾಟಕ್ಕೆ ಉಳಿದಿದ್ದ ಒಂದೇ ಸಾಕ್ಷಿಯೂ ತಪ್ಪಾಗಿ ಓದಲ್ಪಡುತ್ತದೆ. ಇದಕ್ಕೆ ಎದುರಾಗಿ ಅದೇ ದಿನ ಬೆಳಗ್ಗೆ ಇನ್ನೊಂದು ನೋಟವಿದೆ: ಒಬ್ಬ ಬೆಸ್ತ ಪ್ಯಾಂಟು ಮಡಚಿ ನೀರಿಗಿಳಿದು ಹಗ್ಗದಿಂದ ಅಸ್ಥಿಪಂಜರವನ್ನು ಅಳೆಯುತ್ತಾನೆ, ಮೂಗಿನಿಂದ ಬಾಲದವರೆಗೆ 18 ಅಡಿ ಎಂದು ಕೂಗಿ ಹೇಳುತ್ತಾನೆ. ಕಸುಬು ಬಲ್ಲವನಿಗೆ ಆ ಅಳತೆಯೊಂದೇ ಸಾಕು. ಹೊರಗಿನವರಿಗೆ ಅರ್ಥವಾಗದಿರುವುದು ಒಂಟಿತನದ ಇನ್ನೊಂದು ಮುಖ.

ಇದು ನಿಜವಾಗಿ ನಡೆದ ಘಟನೆಯೆ?

1936ರ ಏಪ್ರಿಲ್‌ನಲ್ಲಿ ‘ಎಸ್ಕ್ವೈರ್’ ಪತ್ರಿಕೆಗೆ ಬರೆದ ಲೇಖನವೊಂದರಲ್ಲಿ ಹೆಮಿಂಗ್ವೇ ಇಂಥದೊಂದು ಘಟನೆಯನ್ನು ಹೇಳಿದ್ದರು. ಒಬ್ಬನೇ ಮೀನು ಹಿಡಿಯುತ್ತಿದ್ದ ಮುದುಕನನ್ನು ಮಾರ್ಲಿನ್ ದೂರ ಎಳೆದೊಯ್ದಿತು. ಎರಡು ದಿನಗಳ ನಂತರ 60 ಮೈಲಿ ಪೂರ್ವಕ್ಕೆ ಬೇರೆ ಬೆಸ್ತರು ಅವನನ್ನು ಕಂಡು ರಕ್ಷಿಸಿದರು. ಮೀನಿನಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿತ್ತು, ಅದೇ 800 ಪೌಂಡ್ ತೂಗಿತು. ಸುತ್ತ ಶಾರ್ಕ್‌ಗಳಿದ್ದವು, ಮುದುಕ ಅರೆಹುಚ್ಚನಂತೆ ಅಳುತ್ತಿದ್ದ.

ಕಥೆಯಾಗಿ ಬರೆಯುವಾಗ ಮಾಡಿದ ಬದಲಾವಣೆಗಳನ್ನು ನೋಡಿದರೆ ಲೇಖಕರ ಮನಸ್ಸು ತಿಳಿಯುತ್ತದೆ. ರಕ್ಷಿಸಿದ ಬೆಸ್ತರನ್ನು ತೆಗೆದುಹಾಕಿದರು: ಸಾಂಟಿಯಾಗೋ ತಾನೇ ದೋಣಿ ನಡೆಸಿಕೊಂಡು, ಎಲ್ಲರೂ ಮಲಗಿರುವ ಹೊತ್ತಿನಲ್ಲಿ ದಡ ಮುಟ್ಟುತ್ತಾನೆ, ದೋಣಿ ಎಳೆಯಲು ಕೈಕೊಡುವವರೂ ಇರುವುದಿಲ್ಲ. ಅಳುವನ್ನು ಮುದುಕನಿಂದ ತೆಗೆದು ಹುಡುಗನಿಗೆ ಕೊಟ್ಟರು: ಮಲಗಿದ್ದ ಮುದುಕನ ಕೈಗಳನ್ನು ನೋಡಿ ಅಳಲು ಶುರುಮಾಡಿದ ಮನೋಲಿನ್, ಕಾಫಿ ತರಲು ಹೋಗುವಾಗ ದಾರಿಯುದ್ದಕ್ಕೂ ಅಳುತ್ತಾನೆ, ಬೆಸ್ತರು ನೋಡುತ್ತಿದ್ದಾರೆಂಬ ಸಂಕೋಚವೂ ಅವನಿಗಿಲ್ಲ.

ಲೇಖಕರ ಸ್ವಂತ ಬದುಕಿಗೂ ಈ ಒಂಟಿತನಕ್ಕೂ ಸಂಬಂಧವಿದೆಯೆ?

1954ರ ಆರಂಭದಲ್ಲಿ ಆಫ್ರಿಕಾದಲ್ಲಿ ನಡೆದ ಎರಡು ವಿಮಾನ ಅಪಘಾತಗಳಲ್ಲಿ ಗಾಯಗೊಂಡಿದ್ದ ಹೆಮಿಂಗ್ವೇ ನೊಬೆಲ್ ಸಮಾರಂಭಕ್ಕೆ ಹೋಗಲಾಗಲಿಲ್ಲ. ಅವರ ಭಾಷಣವನ್ನು ಅಮೆರಿಕದ ರಾಯಭಾರಿ ಓದಿದರು. ಬರವಣಿಗೆ ತನ್ನ ಉತ್ತಮ ಸ್ಥಿತಿಯಲ್ಲಿ ಒಂಟಿ ಬದುಕು ಎಂದೂ, ಹಿಂದೆ ದೊಡ್ಡ ಲೇಖಕರಿದ್ದುದರಿಂದಲೇ ಇಂದಿನ ಲೇಖಕ ಯಾರೂ ಸಹಾಯಕ್ಕೆ ಬರಲಾಗದಷ್ಟು ದೂರ ಹೋಗಬೇಕಾಗುತ್ತದೆಂದೂ ಅದರಲ್ಲಿದೆ. ಆ ಎರಡನೆಯ ಮಾತು ಸಾಂಟಿಯಾಗೋನ ಮಾತೇ ಹೌದು. ಇದಕ್ಕಿಂತ ಹೆಚ್ಚಿನ ಹೋಲಿಕೆಯನ್ನು ಹುಡುಕುವ ಅಗತ್ಯವಿಲ್ಲ.

ಹುಡುಗ ಮರಳಿ ಬಂದ ಮೇಲೆ ಸೋಲು ಅಳಿಸಿಹೋಗುತ್ತದೆಯೆ?

ಅಳಿಸಿಹೋಗುವುದಿಲ್ಲ. ಪೌಂಡಿಗೆ 30 ಸೆಂಟ್‌ನಂತೆ ಚಳಿಗಾಲವಿಡೀ ಸಾಕಾಗಬಹುದಾಗಿದ್ದ ಮೀನು ಹೋಯಿತು. ಮುದುಕನ ಕೈಗಳು ಹರಿದಿವೆ, ರಾತ್ರಿ ಏನೋ ವಿಚಿತ್ರವಾದದ್ದನ್ನು ಉಗುಳಿದೆ, ಎದೆಯೊಳಗೆ ಏನೋ ಮುರಿದಂತಾಯಿತು ಎಂದು ಅವನು ಹೇಳುತ್ತಾನೆ. ಅವನು ಇನ್ನೊಮ್ಮೆ ಕಡಲಿಗಿಳಿಯುತ್ತಾನೋ ಇಲ್ಲವೋ ಎಂಬುದನ್ನು ಕಥೆ ಹೇಳುವುದಿಲ್ಲ. ಬದಲಾಗುವುದು ಒಂಟಿತನ. ಇನ್ನು ಮುಂದೆ ನಾವಿಬ್ಬರೂ ಜೊತೆಯಲ್ಲೇ ಹೋಗೋಣ ಎಂದು ಹುಡುಗ ಹೇಳುತ್ತಾನೆ. ನನಗೆ ಅದೃಷ್ಟವಿಲ್ಲ ಎನ್ನುತ್ತಾನೆ ಮುದುಕ. ಅದೃಷ್ಟವನ್ನು ನಾನೇ ತರುತ್ತೇನೆ ಎನ್ನುತ್ತಾನೆ ಹುಡುಗ. ನಿನ್ನ ಮನೆಯವರು ಏನೆನ್ನುತ್ತಾರೆ ಎಂಬ ಪ್ರಶ್ನೆಗೆ ಅವನು ಸೊಪ್ಪು ಹಾಕುವುದಿಲ್ಲ. ಕಥೆಯ ಮೊದಲಲ್ಲಿ ತಂದೆಯ ಮಾತು ಮೀರಲಾರದಿದ್ದ ಹುಡುಗ ಈಗ ಮೀರುತ್ತಾನೆ. ಮುದುಕನ ಸೋಲಿನಿಂದ ಹುಟ್ಟಿದ ಒಂದು ಬದಲಾವಣೆ ಇದು.

ಈ ವಿಷಯದ ಮೇಲೆ ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಯಾವ ಭಾಗಗಳನ್ನು ಮತ್ತೆ ಓದಬೇಕು?

ಮೊದಲ ಪುಟದ ಹಾಯಿಯ ವರ್ಣನೆಯನ್ನು ಓದಿ: ಹಿಟ್ಟಿನ ಚೀಲಗಳಿಂದ ತೇಪೆ ಹಾಕಿದ ಆ ಹಾಯಿ, ಸುತ್ತಿಟ್ಟಾಗ ಶಾಶ್ವತ ಸೋಲಿನ ಬಾವುಟದಂತೆ ಕಾಣುತ್ತಿತ್ತು ಎಂದಿದೆ. ಅದರ ಬೆನ್ನಲ್ಲೇ ಮುದುಕನ ಕಣ್ಣುಗಳು ಮಾತ್ರ ಸಮುದ್ರದ ಬಣ್ಣದವಾಗಿ, ಉಲ್ಲಾಸದಿಂದ, ಸೋಲದೆ ಇದ್ದವು ಎಂದಿದೆ. ಎರಡನ್ನೂ ಒಟ್ಟಿಗೆ ಉಲ್ಲೇಖಿಸಿ. ಮೊದಲ ಶಾರ್ಕಿನಿಂದ ದಡದವರೆಗಿನ ಭಾಗದಲ್ಲಿ ಅವನು ಒಂದೊಂದಾಗಿ ಕಳೆದುಕೊಳ್ಳುವ ಆಯುಧಗಳನ್ನು ಅನುಕ್ರಮವಾಗಿ ಗುರುತು ಮಾಡಿಕೊಳ್ಳಿ, ಏಕೆಂದರೆ ಸೋಲು ಒಂದೇ ಏಟಿಗೆ ಬರದೆ ಹಂತಹಂತವಾಗಿ ಬರುತ್ತದೆ. ಕೊನೆಯದಾಗಿ, ಸೋತೆ ಎಂದ ಮೇಲಿನ ಸಂಭಾಷಣೆಯನ್ನು ನಿಧಾನವಾಗಿ ಓದಿ. ಅಲ್ಲಿ ಮುದುಕ, ಕೊಲ್ಲಲು ಒಂದು ಒಳ್ಳೆಯ ಭರ್ಜಿಯನ್ನು ದೋಣಿಯಲ್ಲಿ ಯಾವಾಗಲೂ ಇಟ್ಟುಕೊಂಡಿರಬೇಕು, ಹಳೆಯ ಫೋರ್ಡ್ ಕಾರಿನ ಸ್ಪ್ರಿಂಗ್ ಪಟ್ಟಿಯಿಂದ ಅದರ ಅಲಗನ್ನು ಮಾಡಬಹುದು, ಹವಾನಾ ಬಳಿಯ ಗ್ವಾನಬಕೋವಾ ಪಟ್ಟಣದಲ್ಲಿ ಸಾಣೆ ಹಿಡಿಸಬಹುದು, ಅಲಗು ಮುರಿಯದಂತೆ ಹದ ಮಾಡಿಸಬೇಕು, ನನ್ನ ಚಾಕು ಮುರಿಯಿತು ಎಂದು ಹೇಳುತ್ತಾನೆ. ಇನ್ನೊಂದು ಚಾಕು ತರುತ್ತೇನೆ, ಸ್ಪ್ರಿಂಗ್ ಪಟ್ಟಿಯನ್ನೂ ಸಾಣೆ ಹಿಡಿಸುತ್ತೇನೆ ಎಂದು ಹುಡುಗ ಒಪ್ಪಿಕೊಳ್ಳುತ್ತಾನೆ.